ಹಿಟ್ಟು ಮುಚ್ಚಿದ ಮೇಲೆ ಪುಸ್ತಕ

ನಮ್ಮ ಅತ್ತಿಗೆಯ ಬಗ್ಗೆ ಬೀದಿಯಲ್ಲಿ ಎರಡು ಮಾತುಗಳಿವೆ. ಒಂದು, ಅವರ ಕೈಯ ಬ್ರೆಡ್ಡಿಗೆ ಸಾಟಿಯಿಲ್ಲ. ಇನ್ನೊಂದು, ಅವರಿಗೆ ತಲೆ ಕೆಟ್ಟಿದೆ. ಮೊದಲನೆಯದನ್ನು ಜನ ಅಂಗಡಿಯ ಮುಂದೆ ನಿಂತು ಹೇಳುತ್ತಾರೆ. ಎರಡನೆಯದನ್ನು ಮನೆಗೆ ಹೋಗಿ, ಅದೇ ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುತ್ತಾ ಹೇಳುತ್ತಾರೆ. ತಿನ್ನುವ ಬಾಯಿಗೆ ಅಷ್ಟಾದರೂ ನಾಚಿಕೆ ಬೇಡವೇ ಎಂದು ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತಿಗೆಗೆ ಮಾತ್ರ ಇದು ತಾಗುವುದೇ ಇಲ್ಲ. "ಊರ ಬಾಯಿಗೆ ಅಷ್ಟು ದೊಡ್ಡ ಮುಚ್ಚಳ ಎಲ್ಲಿಂದ ತರ್ಲಿ ಕಣೋ, ನಂಗೆ ಹಿಟ್ಟು ಮುಚ್ಚೋಕೇ ಬಟ್ಟೆ ಸಾಲ್ತಿಲ್ಲ" ಅನ್ನುತ್ತಾರೆ.

ತಲೆ ಕೆಟ್ಟಿದೆ ಅನ್ನುವುದಕ್ಕೆ ಕಾರಣ ಇಷ್ಟೇ. ಅವರು ತಮ್ಮ ಇಬ್ಬರು ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಓದಿಸುತ್ತಾರೆ.

ನಮ್ಮದು ಬೇಕರಿ. ಕೆಳಗೆ ಬೀದಿಗೆ ಮುಖ ಮಾಡಿದ ಅಂಗಡಿ, ಅದರ ಹಿಂದೆ ಭಟ್ಟಿಯ ಕೋಣೆ. ಕೋಣೆಯ ಮೂಲೆಯಲ್ಲಿರುವ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಮನೆ. ಭಟ್ಟಿ ಇಟ್ಟಿಗೆಯದು, ನಮ್ಮಜ್ಜ ಕಟ್ಟಿಸಿದ್ದು, ಈಗಲೂ ಕಟ್ಟಿಗೆಯಲ್ಲೇ ಉರಿಯುತ್ತದೆ. ಅದನ್ನು ನೋಡಿಕೊಳ್ಳುವುದು ಅಣ್ಣ. ಹಿಟ್ಟು ಕಲಸುವುದು ಅತ್ತಿಗೆ, ಯಾಕೆಂದರೆ ಅಣ್ಣ ಕಲಸಿದರೆ ಬ್ರೆಡ್ಡಿನ ಬದಲು ಭಟ್ಟಿಗೆ ಇನ್ನೊಂದು ಇಟ್ಟಿಗೆ ಸಿಗುತ್ತದೆ. ಗಲ್ಲಾದ ಮೇಲೆ ಕೂರುವುದು ಅಮ್ಮ. ವ್ಯಾನಿನಲ್ಲಿ ಬ್ರೆಡ್ಡು ತುಂಬಿಕೊಂಡು ಅಂಗಡಿ, ಹಾಸ್ಟೆಲ್ಲು, ಆಸ್ಪತ್ರೆಗಳಿಗೆ ಹಂಚುವುದು ನಾನು. ಊರು ಎದ್ದು ಹಲ್ಲುಜ್ಜುವ ಹೊತ್ತಿಗೆ ನಮ್ಮ ಅರ್ಧ ದಿನ ಮುಗಿದಿರುತ್ತದೆ.

ಇಂಥ ಮನೆಯಲ್ಲಿ ಹುಟ್ಟಿದ ಮಕ್ಕಳು ಬೇರೆ ಯಾವಾಗ ಏಳುತ್ತಾರೆ? ಕತ್ತಲಿರುವಾಗಲೇ ಕೆಳಗೆ ಹಿಟ್ಟಿನ ತೊಟ್ಟಿ ಎಳೆದ ಸದ್ದಾದರೆ ಮೇಲೆ ಇಬ್ಬರ ಕಣ್ಣೂ ಬಿಟ್ಟುಕೊಳ್ಳುತ್ತವೆ. ದೊಡ್ಡವಳನ್ನು ನಾವು ಕರೆಯುವುದು ಲಾಯರಮ್ಮ ಎಂದು. ಅವಳು ತೊಟ್ಟಿಲಲ್ಲಿದ್ದಾಗಲೇ ವಾದ ಶುರು ಮಾಡಿದ್ದಳು ಎಂದು ಅಮ್ಮ ಹೇಳುತ್ತಾಳೆ. ಸಣ್ಣವನು ಬನ್ನು, ಅವನ ಕೆನ್ನೆ ನೋಡಿದವರಿಗೆ ಆ ಹೆಸರು ಯಾಕೆ ಎಂದು ಹೇಳಬೇಕಾಗಿಲ್ಲ. ನಸುಕಿನಲ್ಲಿ ಇಬ್ಬರೂ ಪಾದರಸ. ಶಾಲೆಯ ಎರಡನೇ ಪೀರಿಯಡ್ ಬರುವ ಹೊತ್ತಿಗೆ ಅವರಿಗೆ ನಡುಮಧ್ಯಾಹ್ನ ಕಳೆದ ಹಾಗೆ, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಲಾಯರಮ್ಮನನ್ನು ಟೀಚರು ಹೊರಗೆ ನಿಲ್ಲಿಸಿದರು. ಅವಳು ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಮಾಡಿದಳು. ಕ್ಲಾಸಿನ ಮಕ್ಕಳೆಲ್ಲ ಅವಳಿಗೆ ತೂಕಡಿಕೆ ಎಂದು ಹೆಸರಿಟ್ಟರು. ಮರುವರ್ಷ ಬನ್ನುವನ್ನು ಸೇರಿಸಿದಾಗ ಅವನು ಮರಿ ತೂಕಡಿಕೆಯಾದ. ಒಂದು ದಿನ ಅಕ್ಕ ತಮ್ಮ ಇಬ್ಬರೂ ಒಂದೇ ವರಾಂಡದ ಎರಡು ತುದಿಯಲ್ಲಿ ನಿಂತಿದ್ದುದನ್ನು ನಾನೇ ವ್ಯಾನಿನಿಂದ ನೋಡಿದೆ. ಆ ಹೊತ್ತು ನನ್ನ ಕೈಗೆ ಆ ಟೀಚರು ಸಿಕ್ಕಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಸಿಗಲಿಲ್ಲ. ಅತ್ತಿಗೆಗೆ ಹೋಗಿ ಹೇಳಿದೆ.

ಅತ್ತಿಗೆ ಕೈಗೆ ಅಂಟಿದ್ದ ಹಿಟ್ಟನ್ನೂ ಪೂರ್ತಿ ತೊಳೆಯದೆ ಶಾಲೆಗೆ ಹೊರಟರು. ನಾನು ಹಿಂದೆಯೇ ಹೋದೆ. ಹೆಡ್‌ಮಿಸ್ ಬಹಳ ಸಮಾಧಾನದ ಹೆಂಗಸು. "ಮಕ್ಕಳನ್ನ ರಾತ್ರಿ ಬೇಗ ಮಲಗಿಸಿಯಮ್ಮಾ" ಅಂದರು.

"ಈಗಾಗ್ಲೇ ದೀಪ ಹಚ್ಚೋ ಹೊತ್ತಿಗೆ ಮಲಗ್ತಾರೆ ಮಿಸ್. ಇನ್ನೂ ಬೇಗ ಅಂದ್ರೆ ಸೂರ್ಯನಿಗೇ ಹೇಳ್ಬೇಕು."

"ಹಾಗಾದ್ರೆ ಬೆಳಿಗ್ಗೆ ತಡವಾಗಿ ಎಬ್ಬಿಸಿ. ಎಲ್ಲರ ಮನೆ ಮಕ್ಕಳ ಥರ."

"ಎಲ್ಲರ ಮನೆಗೂ ಬೆಳಿಗ್ಗೆ ಎದ್ದ ಕೂಡ್ಲೇ ಬ್ರೆಡ್ ಬೇಕಲ್ಲ ಮಿಸ್" ಎಂದರು ಅತ್ತಿಗೆ. "ಅದನ್ನ ಮಾಡೋರು ಊರಿಗಿಂತ ಮುಂಚೆ ಏಳ್ಬೇಕು, ಅವರ ಮಕ್ಕಳು ಮಾತ್ರ ಊರಿನ ಜೊತೆ ಏಳ್ಬೇಕು. ಇದೆಲ್ಲಿಯ ನ್ಯಾಯ?"

ಇನ್ನು ಕಳಿಸುವುದಿಲ್ಲ ಎಂದು ಅತ್ತಿಗೆ ಕಡ್ಡಿ ಮುರಿದಂತೆ ಹೇಳಿ, ಮಕ್ಕಳ ಕೈ ಹಿಡಿದು ಮನೆಗೆ ಬಂದುಬಿಟ್ಟರು. ಮನೆಯಲ್ಲೇ ಕಲಿಸಬಹುದು ಎಂದು ಕಾನೂನಿನಲ್ಲಿ ದಾರಿಯೇನೋ ಇತ್ತು. ಆದರೆ ಒಂದು ಷರತ್ತು. ವರ್ಷದ ಕೊನೆಗೆ ಶಿಕ್ಷಣ ಇಲಾಖೆಯ ತಪಾಸಣೆ ಅಧಿಕಾರಿ ಮನೆಗೆ ಬಂದು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಮಕ್ಕಳು ಮತ್ತೆ ಅದೇ ಶಾಲೆಗೆ, ಅದೇ ವರಾಂಡಕ್ಕೆ. ಆ ಮಾತು ಕೇಳಿದ ದಿನದಿಂದ ಅಣ್ಣನಿಗೆ ಊಟ ಸೇರಲಿಲ್ಲ. ಅಮ್ಮ ಮಾತ್ರ ಬಾಯಿ ಬಿಟ್ಟೇ ಹೇಳಿದಳು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ? ನಾಲ್ಕು ದಿನ ನಿಂತ್ರೆ ಅಭ್ಯಾಸ ಆಗುತ್ತೆ. ಕಳಿಸು."

"ಬಗ್ಗಿಸೋಕೆ ಅಂತ ಹೆತ್ತಿಲ್ಲ ಅತ್ತೆ" ಎಂದರು ಅತ್ತಿಗೆ.

ಇಷ್ಟು ಖಾರವಾಗಿ ಮಾತಾಡಿದವರು ಮೊದಲು ಮಾಡಿದ್ದು ಏನು ಗೊತ್ತೇ? ಶಾಲೆಯನ್ನೇ ಮನೆಗೆ ತಂದರು. ಪೇಟೆಯಿಂದ ಒಂದು ಕೈಗಂಟೆ ಬಂತು. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದ ವೇಳಾಪಟ್ಟಿ ಗೋಡೆಗೆ ಅಂಟಿತು. ಮೊದಲ ಪೀರಿಯಡ್ ಲೆಕ್ಕ, ಎರಡನೆಯದು ಭಾಷೆ, ಮೂರನೆಯದು ಚಿತ್ರ. ಮಕ್ಕಳು ಹಳೆಯ ಯೂನಿಫಾರಂ ಹಾಕಿಕೊಂಡು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಬೇಕು, ಇಬ್ಬರದೇ ಸಾಲು. ಶುರುವಾಗುವುದು ಶಾಲೆ ಶುರುವಾಗುವ ಹೊತ್ತಿಗೇ. ಅಷ್ಟರಲ್ಲಿ ಅಂಗಡಿಯಲ್ಲಿ ಗಿರಾಕಿಗಳು ಕೂಗುತ್ತಿದ್ದರು, ಅಣ್ಣ ಕೆಳಗಿನಿಂದ ಮೈದಾ ಎಲ್ಲಿದೆ ಎಂದು ಕಿರುಚುತ್ತಿದ್ದ, ಮಕ್ಕಳ ತಲೆ ಎದೆಗೆ ಬೀಳುತ್ತಿತ್ತು. ಅತ್ತಿಗೆ ಗಂಟೆ ಬಾರಿಸಿದ್ದೇ ಬಾರಿಸಿದ್ದು. ಒಂದು ದಿನ ಮೇಜಿನ ಕೆಳಗೆ ಮಲಗಿಬಿಟ್ಟಿದ್ದ ಬನ್ನುವಿನ ಕಿವಿಯ ಪಕ್ಕದಲ್ಲೇ ಬಾರಿಸಿದರು. ಅವನು ಬೆಚ್ಚಿ ಎದ್ದು, ನೇರವಾಗಿ ಬಾಗಿಲ ಹೊರಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ.

ಅತ್ತಿಗೆ ಅಲ್ಲೇ ಕುಸಿದು ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದು ಸಲ. ಆಮೇಲೆ ಎದ್ದವರು ಗಂಟೆಯನ್ನು ಗುಜರಿಯವನಿಗೆ ಕೊಟ್ಟರು, ವೇಳಾಪಟ್ಟಿಯನ್ನು ಭಟ್ಟಿಗೆ ಹಾಕಿದರು.

ಸ್ವಲ್ಪ ದಿನ ಓದು ಬರಹ ಏನೂ ಇಲ್ಲ. ಅತ್ತಿಗೆ ಕೆಲಸ ಮಾಡುತ್ತಾ ಸುಮ್ಮನೆ ಮಕ್ಕಳನ್ನು ನೋಡುತ್ತಿದ್ದರು. ನಮ್ಮಲ್ಲಿ ಒಂದು ರೂಢಿ ಇದೆ. ಕಲಸಿದ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಮುಚ್ಚಿದ ಮೇಲೆ ಭಟ್ಟಿ ಕೋಣೆಯಲ್ಲಿದ್ದವರೆಲ್ಲ ಕೈ ತೊಳೆಯಬೇಕು, ಹಿಟ್ಟು ಮುಟ್ಟಿರಲಿ ಬಿಡಲಿ. ಅಜ್ಜನ ಕಾಲದಿಂದ ಬಂದದ್ದು, ಯಾಕೆ ಎಂದು ಯಾರೂ ಕೇಳಿದವರಿಲ್ಲ. ಬನ್ನು ನಡೆಯಲು ಕಲಿತ ದಿನದಿಂದ ಸ್ಟೂಲು ಎಳೆದುಕೊಂಡು ನಲ್ಲಿಯ ಹತ್ತಿರ ಹೋಗುತ್ತಿದ್ದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಈ ಮನೇಲಿ ಹೇಳಿಸ್ಕೊಳ್ದೆ ನಡಿಯೋದು ಇದೊಂದೇ ಕಣೋ" ಎಂದರು ಅತ್ತಿಗೆ ಒಂದು ದಿನ. "ಓದನ್ನ ಇದಕ್ಕೇ ಗಂಟು ಹಾಕ್ತೀನಿ."

ಮರುದಿನದಿಂದ ಕೈ ತೊಳೆದು ಒರೆಸಿಕೊಂಡ ಮೇಲೆ ಒಂದೇ ಒಂದು ಕೆಲಸ. ಮೈದಾ ಮೂಟೆಯ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ತೆರೆಯುವುದು. ಓದಲೇಬೇಕು ಎಂದೇನಿಲ್ಲ. ನಾನು ನಕ್ಕುಬಿಟ್ಟೆ. ಶಾಲೆಯಲ್ಲಿ ಅರ್ಧ ಬಾಲ್ಯವನ್ನು ಬೆಂಚಿನ ಮೇಲೆ ನಿಂತು ಕಳೆದ ನನಗೂ ಇದು ತೀರಾ ಅಗ್ಗವಾಯಿತು ಅನ್ನಿಸಿತು.

"ಏನ್ ಅತ್ತಿಗೆ, ಪುಸ್ತಕ ತೆರೆದಿಟ್ರೆ ಅಕ್ಷರ ತಾನಾಗೇ ಹಾರಿ ತಲೆ ಒಳಗೆ ಹೋಗುತ್ತಾ?"

"ಇವತ್ತು ತೆರೀಲಿ. ನಾಳೆ ಚಿತ್ರ ನೋಡ್ತಾರೆ, ಆಮೇಲೆ ಒಂದು ಸಾಲು ಓದ್ತಾರೆ. ಈಸ್ಟ್ ಹಾಕಿದ ತಕ್ಷಣ ಬ್ರೆಡ್ ಕೊಡಿ ಅಂತ ನಿಲ್ತೀಯಾ ನೀನು?"

ಹಾಗೇ ಆಯಿತು. ಒಂದು ಹೊಸ ಅಭ್ಯಾಸ ಬೇರು ಬಿಡುವ ತನಕ ಅತ್ತಿಗೆ ಇನ್ನೊಂದನ್ನು ತರಲಿಲ್ಲ. ಹಿಟ್ಟು ಉಬ್ಬುವ ಹೊತ್ತು ಓದಿಗೆ ಎಂದು ಗಟ್ಟಿಯಾದ ಮೇಲೆ, ಉಬ್ಬಿದ ಹಿಟ್ಟನ್ನು ಗುದ್ದಿ ಗಾಳಿ ತೆಗೆಯುವ ಹೊತ್ತು ಮಗ್ಗಿಗೆ ಎಂದಾಯಿತು. ಅತ್ತಿಗೆಯ ಒಂದೊಂದು ಗುದ್ದಿಗೆ ಮಕ್ಕಳ ಒಂದೊಂದು ಸಾಲು. ಮಗ್ಗಿ ತಪ್ಪಿದರೆ ಗುದ್ದು ಜೋರಾಗುತ್ತಿತ್ತು, ಹಿಟ್ಟಿಗೆ ಮಾತ್ರ. ಹಿಟ್ಟು ತುಂಬಿದ ಅಚ್ಚುಗಳು ಭಟ್ಟಿಯೊಳಗೆ ಹೋದರೆ ಬರವಣಿಗೆ. ಟ್ರೇ ಹೊರಗೆ ಬಂತೆಂದರೆ ಪೆನ್ಸಿಲ್ ಕೆಳಗೆ, ಅಕ್ಷರ ಅರ್ಧಕ್ಕಿದ್ದರೂ ಸರಿ. ಬ್ರೆಡ್ಡು ಆರುವಾಗ ಮಕ್ಕಳು ಮೇಲೆ ಹೋಗಿ ನಿದ್ದೆ ಮಾಡುತ್ತಿದ್ದರು. ಸಾಯಂಕಾಲ ಬೀದಿಯ ಮಕ್ಕಳು ಶಾಲೆ ಮುಗಿಸಿ ಸೊಪ್ಪಿನ ಹಾಗೆ ಬಾಡಿ ಬಂದರೆ, ಇವರಿಬ್ಬರು ಚೆಂಡು ಹಿಡಿದು ಕಾಯುತ್ತಿದ್ದರು.

ನೆಲದ ಮೇಲೆ ಭಟ್ಟಿಯಿಂದ ದೂರಕ್ಕೆ ಒಂದು ಕೆಂಪು ಗೆರೆ. ಮಕ್ಕಳು ಅದನ್ನು ದಾಟುವಂತಿಲ್ಲ. ಮಾರುವ ಬ್ರೆಡ್ಡಿನ ಹಿಟ್ಟಿಗೆ ಕೈ ಹಾಕುವಂತಿಲ್ಲ. ಇಬ್ಬರಿಗೂ ಒಂದೊಂದು ಮುಷ್ಟಿ ಹಿಟ್ಟು ಬೇರೆ ಇರುತ್ತಿತ್ತು. ಅದರಲ್ಲಿ ಅವರು ಹಾವು ಮಾಡಲಿ, ಅಜ್ಜಿಯ ಮೂಗು ಮಾಡಲಿ, ಅವರಿಷ್ಟ.

ಲಾಯರಮ್ಮ ಸುಮ್ಮನಿರುವವಳೇ? ಹಿಟ್ಟು ಬೇಗ ಉಬ್ಬಿದರೆ ಓದು ಬೇಗ ಮುಗಿಯುತ್ತದೆ ಎಂದು ಅವಳಿಗೆ ಹೊಳೆಯಿತು. ಅತ್ತಿಗೆ ಆ ಕಡೆ ತಿರುಗಿದಾಗ ತೊಟ್ಟಿಯನ್ನು ಭಟ್ಟಿಯ ಬಿಸಿ ಬರುವ ಕಡೆಗೆ, ಸರಿಯಾಗಿ ಕೆಂಪು ಗೆರೆಯ ಅಂಚಿನ ತನಕ ತಳ್ಳಿದಳು. ಹಿಟ್ಟು ಬೇಕಾದ್ದಕ್ಕಿಂತ ಹೆಚ್ಚು ಉಬ್ಬಿ, ಭಟ್ಟಿಗೆ ಹೋದಾಗ ಉಸಿರು ಬಿಟ್ಟು ಚಪ್ಪಟೆಯಾಯಿತು. ಅತ್ತಿಗೆ ಬೈಯಲಿಲ್ಲ. ಆ ಚಪ್ಪಟೆ ಬ್ರೆಡ್ಡನ್ನು ಅವಳ ತಟ್ಟೆಗೆ ಹಾಕಿದರು, ಮರುದಿನವೂ ಹಾಕಿದರು, ಅದರ ಮರುದಿನವೂ. "ಗೆರೆ ದಾಟಿಲ್ಲ ನಾನು" ಎಂದು ಅವಳು ವಾದಿಸಿದಳು. "ಅದಕ್ಕೇ ಊಟ ಕೊಟ್ಟಿದೀನಿ" ಎಂದರು ಅತ್ತಿಗೆ. ಆಮೇಲೆ ಅವಳು ತೊಟ್ಟಿಯ ತಂಟೆಗೆ ಹೋಗಲಿಲ್ಲ. ಚಳಿಗಾಲದಲ್ಲಿ ಹಿಟ್ಟು ನಿಧಾನಕ್ಕೆ ಉಬ್ಬುತ್ತಿದ್ದಾಗ ಗೊಣಗುತ್ತಲೇ ದೊಡ್ಡ ಕಥೆಗಳನ್ನು ಓದಿದಳು, ಗೊಣಗುವುದು ಯಾವಾಗ ನಿಂತಿತೋ ನಮಗೂ ಗೊತ್ತಾಗಲಿಲ್ಲ.

ಎಲ್ಲ ದಿನವೂ ಹೀಗೆ ಸುಸೂತ್ರ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಬನ್ನುವಿಗೆ ಜ್ವರ ಬರುತ್ತಿತ್ತು. ಅಣ್ಣ ಅತ್ತಿಗೆ ಜಗಳವಾಡಿ ಒಬ್ಬರ ಮುಖ ಒಬ್ಬರು ನೋಡದ ದಿನಗಳಿದ್ದವು, ಅಂಥ ದಿನ ಕೋಣೆಯಲ್ಲಿ ಉಸಿರಾಡುವುದೂ ಕಷ್ಟ. ಅಂಥ ದಿನವೂ ಹಿಟ್ಟು ಮುಚ್ಚಿದ ಮೇಲೆ ಮಕ್ಕಳು ಕೈ ತೊಳೆದು ಪುಸ್ತಕ ತೆರೆದು ಮುಚ್ಚುತ್ತಿದ್ದರು. ಅಷ್ಟೇ. "ಒಂದು ಸಾಲೂ ಓದದಿದ್ರೂ ಪರವಾಗಿಲ್ಲ" ಅನ್ನುತ್ತಿದ್ದರು ಅತ್ತಿಗೆ, "ನಡಿಯೋ ದಾರಿ ಮೇಲೆ ಹುಲ್ಲು ಬೆಳೀಬಾರದು."

ಹೀಗೆ ವರ್ಷ ತುಂಬುತ್ತಾ ಬಂತು. ಅಧಿಕಾರಿಯವರು ಇಂಥ ದಿನ ಬರುತ್ತಾರೆ ಎಂದು ಇಲಾಖೆಯಿಂದ ಫೋನು ಬಂತು. ಅಂದಿನಿಂದ ಅಣ್ಣ ಅತ್ತಿಗೆಯ ಬೆನ್ನು ಬಿದ್ದ.

"ನೋಡು, ಅವರು ಬಂದಾಗ ಮಕ್ಕಳು ಭಟ್ಟಿ ಕೋಣೇಲಿ ಕೂತಿದ್ರೆ ಏನಂದ್ಕೊಳ್ತಾರೆ? ಶಾಲೆ ಬಿಡಿಸಿ ದುಡಿಸ್ಕೊಳ್ತಿದಾರೆ ಅಂತಾರೆ. ಶಾಲೆ ಮಾತು ಹಾಗಿರ್ಲಿ, ನಮ್ಮನ್ನೇ ಒಳಗೆ ಹಾಕ್ತಾರೆ."

"ದುಡಿಸ್ಕೊಳ್ತಿಲ್ಲವಲ್ಲ" ಎಂದರು ಅತ್ತಿಗೆ.

"ನಂಗೆ ಗೊತ್ತು, ನಿಂಗೆ ಗೊತ್ತು. ಮೈದಾ ಮೂಟೆ ಮೇಲೆ ಕೂತ ಮಗೂನ ನೋಡಿದ ಆಫೀಸರ್‌ಗೆ ಗೊತ್ತಾಗ್ಬೇಕಲ್ಲ. ಒಂದು ದಿನ ಭಟ್ಟಿ ಆರಿಸಿಬಿಡೋಣ. ಮೇಲಿನ ರೂಮಲ್ಲಿ ಬೆಂಚು ಹಾಕಿ ನೀಟಾಗಿ ಕೂರಿಸೋಣ. ಒಂದೇ ದಿನ ಕಣೇ."

ಅಮ್ಮನೂ ಅದೇ ಸರಿ ಅಂದಳು. ಅತ್ತಿಗೆಯ ಮುಖದಲ್ಲಿ ಹೆದರಿಕೆ ಇತ್ತು, ನಾನು ಸುಳ್ಳು ಹೇಳುವುದಿಲ್ಲ. ವರಾಂಡದ ಹೆದರಿಕೆ. ಕೊನೆಗೆ ಹೂಂ ಅಂದರು. ನಾನು ಕಂಡ ಹಾಗೆ ಅವರು ತಮ್ಮ ಮನಸ್ಸಿಗೆ ಒಪ್ಪದ ಮಾತಿಗೆ ತಲೆಯಾಡಿಸಿದ್ದು ಆಗ ಮಾತ್ರ.

ಆ ದಿನ ಭಟ್ಟಿ ಹಚ್ಚಲಿಲ್ಲ. ಮೇಲಿನ ರೂಮಿಗೆ ಪಕ್ಕದ ಸೈಕಲ್ ಅಂಗಡಿಯಿಂದ ಬೆಂಚು ತಂದೆವು. ಒಂದು ಕರಿ ಹಲಗೆ ಬಂತು. ಅದರ ಮೇಲೆ ಅಣ್ಣ ಅಂದವಾಗಿ ತಾರೀಖು ಬರೆದ. ಪೆಟ್ಟಿಗೆ ಸೇರಿದ್ದ ಯೂನಿಫಾರಂ ಹೊರಗೆ ಬಂತು. ಬನ್ನುವಿನ ಹೊಟ್ಟೆಯ ಮೇಲೆ ಗುಂಡಿ ಹಾಕಲು ನಾನೂ ಅಮ್ಮನೂ ಸೇರಿ ಯುದ್ಧ ಮಾಡಿದೆವು. "ಬೇಕರಿ ಮಾತು ಎತ್ತಬೇಡಿ, ಹಿಟ್ಟಿನ ಮಾತು ಎತ್ತಬೇಡಿ" ಎಂದು ಅಣ್ಣ ಇಬ್ಬರಿಗೂ ಮತ್ತೆ ಮತ್ತೆ ಹೇಳಿದ. ಮಕ್ಕಳು ನಸುಕಿನಲ್ಲೇ ಎದ್ದು, ಮಾಡಲು ಏನೂ ತೋಚದೆ, ತಣ್ಣಗಿನ ಭಟ್ಟಿಯನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತಿದ್ದರು.

ಅಧಿಕಾರಿ ಬಂದಿದ್ದು ಬಿಸಿಲೇರಿದ ಮೇಲೆ. ಭಾರದ ಚೀಲ ಹೊತ್ತ, ಮೆಟ್ಟಿಲು ಹತ್ತಿ ಏದುಸಿರು ಬಿಡುವ ಸಾಮಾನ್ಯ ಮನುಷ್ಯ. ದರ್ಪವೇನೂ ಇರಲಿಲ್ಲ. ನೀರು ಕುಡಿದು, ಲಾಯರಮ್ಮನಿಗೆ ಒಂದು ಪುಸ್ತಕ ಕೊಟ್ಟು, "ಎಲ್ಲಿಂದಾದ್ರೂ ಓದಮ್ಮ" ಎಂದರು.

ಅವಳು ಪುಸ್ತಕ ಹಿಡಿದು ಕೂತಳು. ತೆರೆಯಲಿಲ್ಲ. ತನ್ನ ಕೈ ನೋಡಿಕೊಂಡಳು, ಅತ್ತಿಗೆಯ ಮುಖ ನೋಡಿದಳು, ಮತ್ತೆ ಕೈ ನೋಡಿಕೊಂಡಳು. ಬಾಯಿ ತೆರೆದರೆ ಮುಚ್ಚಲು ಗೊತ್ತಿಲ್ಲದ ಹುಡುಗಿಯ ಬಾಯಿಗೆ ಬೀಗ ಬಿದ್ದಿತ್ತು.

"ಮಗ್ಗಿ ಬರುತ್ತೇನಪ್ಪಾ?" ಎಂದು ಬನ್ನುವನ್ನು ಕೇಳಿದರು. ಬನ್ನು ಅಳಲು ಶುರು ಮಾಡಿದ. ಅಳುತ್ತಾ ಅಳುತ್ತಾ ಬೆಂಚಿನ ಮೇಲೆ ತಲೆಯಿಟ್ಟು, ದಿನವೂ ಮಲಗುವ ಹೊತ್ತು ಅದೇ ಆದ್ದರಿಂದ, ಬಿಕ್ಕುತ್ತಲೇ ನಿದ್ದೆಹೋದ. ಅಧಿಕಾರಿ ಒಂದು ನಿಟ್ಟುಸಿರು ಬಿಟ್ಟು ಜೇಬಿನಿಂದ ಪೆನ್ನು ತೆಗೆದರು.

"ನಿಲ್ಲಿ ಸರ್" ಎಂದರು ಅತ್ತಿಗೆ. "ಬರೀಬೇಡಿ. ಇವತ್ತು ನಮ್ಮ ಶಾಲೆಗೆ ರಜಾ."

"ರಜಾನಾ? ಇವತ್ತು ಬರ್ತೀನಿ ಅಂತ ಫೋನ್ ಮಾಡಿಸಿದ್ದೆನಲ್ಲಮ್ಮಾ."

"ಮಾಡಿಸಿದ್ರಿ. ಅದಕ್ಕೇ ನಾವು ಹೆದರಿ ಶಾಲೆ ಮುಚ್ಚಿದ್ವಿ. ಈ ಬೆಂಚು ನಮ್ಮದಲ್ಲ, ಬೋರ್ಡು ನಮ್ಮದಲ್ಲ. ಈ ಬಟ್ಟೇಲಿ ನನ್ನ ಮಗನಿಗೆ ಉಸಿರಾಡೋಕಾಗ್ತಿಲ್ಲ. ನಮ್ಮ ಶಾಲೆ ಇರೋದು ಕೆಳಗೆ, ಭಟ್ಟಿ ಕೋಣೇಲಿ. ಹಿಟ್ಟು ಕಲಸಿ ಮುಚ್ಚಿದ್ರೆ ಶುರುವಾಗುತ್ತೆ, ಬ್ರೆಡ್ ಹೊರಗೆ ಬಂದ್ರೆ ಮುಗಿಯುತ್ತೆ."

ಅಣ್ಣ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದ. ಅವನ ಗುಟ್ಟನ್ನೆಲ್ಲ ಅತ್ತಿಗೆ ಒಂದೇ ಉಸಿರಿನಲ್ಲಿ ಬಯಲು ಮಾಡಿದ್ದರು.

"ಹಾಗಂದ್ರೆ ಮಕ್ಕಳು ಬೇಕರೀಲಿ ಕೆಲಸ ಮಾಡ್ತಾರಾ?" ಅಧಿಕಾರಿಯ ದನಿ ಬದಲಾಯಿತು.

"ಬಂದು ನೋಡಿ. ಕೆಲಸ ಕಂಡ್ರೆ ನೀವೇ ಕರ್ಕೊಂಡ್ಹೋಗಿ ಆ ಶಾಲೆಗೆ ಬಿಡಿ, ನಾನು ಅಡ್ಡ ಬರಲ್ಲ. ಆದ್ರೆ ನಮ್ಮ ಹೊತ್ತಿಗೆ ಬನ್ನಿ. ನೀವು ಬೇರೆ ಶಾಲೆಗಳಿಗೆ ತಪಾಸಣೆಗೆ ರಜಾ ದಿನ ಹೋಗ್ತೀರಾ? ಬಾಗಿಲು ಹಾಕಿರೋ ಶಾಲೆ ನೋಡಿ ಅಲ್ಲಿನ ಮಕ್ಕಳಿಗೆ ಏನೂ ಬರಲ್ಲ ಅಂತ ಬರೀತೀರಾ?"

"ನಿಮ್ಮ ಹೊತ್ತು ಅಂದ್ರೆ?"

"ನೀವು ಮಗ್ಗಲು ಬದಲಾಯಿಸೋ ಹೊತ್ತು ಸರ್. ಕೋಳಿ ಕೂಗೋಕಿಂತ ಮುಂಚೆ."

ಅಧಿಕಾರಿಯ ಪೆನ್ನು ಮತ್ತೆ ಜೇಬಿಗೆ ಹೋಯಿತು. ನಾಳೆ ಬರುವುದಾಗಿ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ಎದ್ದ ಗಲಾಟೆಯನ್ನು ಬರೆಯುವುದು ಬೇಡ. ಅಣ್ಣ ಹೇಳಿದ್ದರ ಸಾರ ಇಷ್ಟು: ಅತ್ತಿಗೆ ತಮ್ಮ ಬಾಯಿಂದಲೇ ಮಕ್ಕಳನ್ನು ವರಾಂಡಕ್ಕೆ ತಳ್ಳಿದರು. ಅತ್ತಿಗೆ ಬೆಂಚನ್ನು ಎತ್ತಿ ಸೈಕಲ್ ಅಂಗಡಿಗೆ ತಿರುಗಿ ಕೊಟ್ಟು ಬಂದರು.

ಮರುದಿನ ಅತ್ತಿಗೆ ಈಸ್ಟು ಕದಡುತ್ತಿದ್ದಾಗ ಶಟರಿನ ಮೇಲೆ ತಟ್ಟಿದ ಸದ್ದಾಯಿತು. ಮಫ್ಲರ್ ಸುತ್ತಿಕೊಂಡ ಅಧಿಕಾರಿ ನಿಂತಿದ್ದರು, ಕಣ್ಣುಗಳು ಇನ್ನೂ ಅರ್ಧ ಮುಚ್ಚಿದ್ದವು. ಅತ್ತಿಗೆ ಒಂದು ಮೈದಾ ಮೂಟೆ ತೋರಿಸಿ ಕೂರಿ ಎಂದು ಹೇಳಿ ತಮ್ಮ ಕೆಲಸಕ್ಕೆ ಹೋದರು. ಉಪಚಾರ ಇಲ್ಲ, ಟೀ ಇಲ್ಲ. ನನಗೇ ಸಂಕೋಚವಾಯಿತು.

ಹಿಟ್ಟು ಕಲಸಿ ಆಯಿತು. ಒದ್ದೆ ಬಟ್ಟೆ ಮುಚ್ಚಿದರು. ಮೆಟ್ಟಿಲ ಮೇಲೆ ಕೂತಿದ್ದ ಮಕ್ಕಳು ಎದ್ದರು. ಬನ್ನು ಸ್ಟೂಲು ಎಳೆದ, ಇಬ್ಬರೂ ಕೈ ತೊಳೆದರು. ತೊಳೆದು ಬಂದವರು ಅಧಿಕಾರಿಯ ಮುಂದೆ ನಿಂತರು.

"ನೀವೂ ತೊಳೀಬೇಕು" ಎಂದಳು ಲಾಯರಮ್ಮ.

"ನಾನು ಹಿಟ್ಟು ಮುಟ್ಟಿಲ್ಲವಲ್ಲಮ್ಮ."

"ಮುಟ್ಟದಿದ್ರೂ ತೊಳೀಬೇಕು. ಇಲ್ಲಿ ಎಲ್ಲರೂ ತೊಳೀತಾರೆ."

ಅವರು ಎದ್ದು ಹೋಗಿ ತೊಳೆದುಕೊಂಡು ಬಂದರು. ಅಷ್ಟರಲ್ಲಿ ಇಬ್ಬರೂ ಮೂಟೆಯ ಮೇಲೆ ಕೂತು ಓದಲು ಶುರು ಮಾಡಿದ್ದರು, ಅವಳು ಮನಸ್ಸಿನಲ್ಲಿ, ಅವನು ಬೆರಳಿಟ್ಟು ಗಟ್ಟಿಯಾಗಿ. ಯಾರೂ ಮಕ್ಕಳಿಗೆ ಏನೂ ಹೇಳಿರಲಿಲ್ಲ. ಅತ್ತಿಗೆ ಅತ್ತ ತಿರುಗಿಯೂ ನೋಡಿರಲಿಲ್ಲ. ಅಧಿಕಾರಿ ಒಂದು ಪ್ರಶ್ನೆ ಕೇಳಲು ಹೋದರು, ಲಾಯರಮ್ಮ ಪುಸ್ತಕದಿಂದ ತಲೆ ಎತ್ತದೆ ಹಿಟ್ಟಿನ ತೊಟ್ಟಿಯ ಕಡೆ ಬೆರಳು ತೋರಿಸಿ "ಆಮೇಲೆ" ಎಂದಳು. ಅವರು ಆಮೇಲೆಯ ತನಕ ಕಾದರು. ಗುದ್ದಿನ ಜೊತೆ ಮಗ್ಗಿ ಆಯಿತು, ಬನ್ನು ಒಂದು ಕಡೆ ಎಡವಿದ, ಮತ್ತೆ ಎದ್ದ. ಬರವಣಿಗೆ ಆಯಿತು. ಕೆಂಪು ಗೆರೆಯ ಈಚೆಗೆ ಕೂತ ಮಕ್ಕಳನ್ನೂ, ಆಚೆಗೆ ಬೆವರು ಸುರಿಸುವ ಅಣ್ಣನನ್ನೂ ಅವರು ಚೆನ್ನಾಗಿ ನೋಡಿದರು. ಟ್ರೇ ಹೊರಗೆ ಬಂದಾಗ ಪೆನ್ಸಿಲುಗಳು ಕೆಳಗೆ ಬಿದ್ದವು. ಲಾಯರಮ್ಮ ಬರೆದದ್ದರಲ್ಲಿ ತಪ್ಪುಗಳಿದ್ದವು. ಅವರು ತಿದ್ದಿದರು. ಅವಳು ಎರಡಕ್ಕೆ ವಾದ ಮಾಡಿ ಒಂದರಲ್ಲಿ ಗೆದ್ದಳು.

"ಶಾಲೇಲಿ ಸ್ನೇಹಿತರಿರ್ತಾರೆ, ಆಟ ಇರುತ್ತೆ. ಹೋಗೋಕೆ ಇಷ್ಟ ಇಲ್ವೇನಮ್ಮಾ?" ಎಂದು ಕೇಳಿದರು.

"ಇಷ್ಟ ಇದೆ" ಎಂದಳು ಅವಳು. "ಆದ್ರೆ ಅಲ್ಲಿ ಟೀಚರ್ ಕಥೆ ಹೇಳೋವಾಗ ನಂಗೆ ಒಂದೂ ಕೇಳಿಸ್ತಿರ್ಲಿಲ್ಲ. ಅರ್ಧಕ್ಕೇ ನಿದ್ದೆ ಬರ್ತಿತ್ತು. ಆ ಕಥೆಗಳೆಲ್ಲ ಏನಾಯ್ತು ಅಂತ ನಂಗೆ ಇನ್ನೂ ಗೊತ್ತಿಲ್ಲ."

ಅಧಿಕಾರಿ ಮಕ್ಕಳನ್ನು ಮೇಲೆ ಕಳಿಸಿ, ಅಣ್ಣನನ್ನೂ ಅತ್ತಿಗೆಯನ್ನೂ ಹತ್ತಿರ ಕರೆದರು. ದನಿ ತಗ್ಗಿಸಿ, ನಮ್ಮ ಒಳ್ಳೆಯದಕ್ಕೇ ಎಂಬಂತೆ ಹೇಳಿದರು: "ನಂಗೇನೋ ತೃಪ್ತಿಯಾಯ್ತು. ಒಪ್ಪಿಗೆ ಬರೀತೀನಿ. ಆದ್ರೆ ಪಾಠ ನಡಿಯೋ ಸಮಯ ಶಾಲೆ ಸಮಯವೇ ಅಂತ, ಜಾಗ ಮೇಲಿನ ರೂಮು ಅಂತ ಹಾಕ್ತೀನಿ. ನೀವು ನಿಮ್ಮ ಪಾಡಿಗೆ ಹೀಗೇ ನಡೆಸ್ಕೊಳ್ಳಿ. ಭಟ್ಟಿ ಗಿಟ್ಟಿ ಅಂತ ಬರೆದ್ರೆ ಮೇಲಿನವರು ನೂರು ಪ್ರಶ್ನೆ ಕೇಳ್ತಾರೆ."

ಅಣ್ಣನ ಮುಖ ಅರಳಿತು. ಕೈ ಮುಗಿಯಲು ಹೊರಟಿದ್ದ. ನನಗೂ ಹೋದ ಜೀವ ಬಂದ ಹಾಗಾಯಿತು. ಗೆದ್ದಿದ್ದೆವು, ಇನ್ನೇನು ಬೇಕು?

"ಬೇಡ ಸರ್" ಎಂದರು ಅತ್ತಿಗೆ.

ಅಣ್ಣ ಕೈ ಅರ್ಧಕ್ಕೇ ನಿಲ್ಲಿಸಿದ. "ಲೇ" ಅಂದ, ಅಷ್ಟೇ ಅಂದ.

"ನಿನ್ನೆ ಒಂದು ಸುಳ್ಳು ತೋರಿಸೋಕೆ ಹೋಗಿ ನನ್ನ ಮಕ್ಕಳು ಮೂಕರ ಥರ ಕೂತ್ರು. ತಾವು ಕಲಿಯೋ ಜಾಗ ನಾಚಿಕೆಪಡೋ ಜಾಗ ಅಂತ ಅವರಿಗೆ ನಾನೇ ಕಲಿಸಿದ ಹಾಗಾಯ್ತು. ಅದೊಂದು ಪಾಠ ಅವರಿಗೆ ಬೇಡ. ಕೋಳಿ ಕೂಗೋ ಮುಂಚೆ, ಭಟ್ಟಿ ಕೋಣೇಲಿ, ಮೈದಾ ಮೂಟೆ ಮೇಲೆ ಅಂತಲೇ ಬರೀರಿ. ಹಾಗೆ ಬರೆದು ಒಪ್ಪಿಗೆ ಕೊಡೋಕಾಗಲ್ಲ ಅಂದ್ರೆ, ಆಗಲ್ಲ ಅಂತ ಬರೀರಿ. ನಾನು ಇನ್ನೂ ಮೇಲೆ ಹೋಗಿ ಜಗಳ ಆಡ್ತೀನಿ."

ಹೊರಗೆ ಬೆಳಕಾಗುತ್ತಿತ್ತು. ಮೊದಲ ಗಿರಾಕಿ ಶಟರು ತಟ್ಟಿದ, ಯಾರೂ ಹೋಗಲಿಲ್ಲ. ಅಧಿಕಾರಿ ಚೀಲದಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಬರೆದರು. ಕಾಗದಕ್ಕೆ ಹಿಟ್ಟು ಅಂಟಿತು. ಅದನ್ನು ಒರೆಸಲು ಹೋಗಿ ಇನ್ನಷ್ಟು ಮೆತ್ತಿದರು. ಬರೆದದ್ದನ್ನು ಅತ್ತಿಗೆಯ ಕೈಗೆ ಕೊಟ್ಟರು. ಅವರು ಒಂದೊಂದು ಸಾಲನ್ನೂ ಓದಿ, ತಲೆಯಾಡಿಸಿ, ವಾಪಸು ಕೊಟ್ಟರು. ಅಧಿಕಾರಿ ಸಹಿ ಹಾಕಿದರು.

"ಒಂದು ವರ್ಷಕ್ಕೆ ಒಪ್ಪಿಗೆ. ಮೇಲೆ ಕೇಳಿದ್ರೆ ನಾನೇ ಉತ್ತರ ಹೇಳ್ಬೇಕು" ಎಂದರು ಮಫ್ಲರ್ ಸರಿಮಾಡಿಕೊಳ್ಳುತ್ತಾ. "ಮುಂದಿನ ವರ್ಷ ಮತ್ತೆ ತಪಾಸಣೆ ಇರುತ್ತೆ. ಯಾವತ್ತು ಅಂತ ಮುಂಚೆನೇ ಫೋನ್ ಮಾಡಿಸ್ತೀನಿ."

"ಮಾಡಿಸ್ಬೇಡಿ" ಎಂದರು ಅತ್ತಿಗೆ. "ಹೇಳದೆ ಬನ್ನಿ."